ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್‌ಗಳ ಜೋಡಣೆ ಮತ್ತು ರದ್ದತಿ

ಸ್ಲೈಡ್ ಜೋಡಣೆ ಎಂದರೆ ಪ್ರಸ್ತುತಿ ತಂತ್ರಾಂಶದಲ್ಲಿ ಸಿದ್ಧಪಡಿಸಿದ ಸ್ಲೈಡ್‌ಗಳನ್ನು ಪ್ರದರ್ಶನದ ಕ್ರಮಕ್ಕೆ ತರುವ ಕಾರ್ಯ. ಗಣಕಯಂತ್ರಗಳಿಗೆ ಮೊದಲು ಉಪನ್ಯಾಸಕರು 35 ಮಿ.ಮೀ. ಫಿಲ್ಮ್ ಸ್ಲೈಡ್‌ಗಳನ್ನು, ಕೆಳಗಿನಿಂದ ಬೆಳಕು ಬೀರುವ ಮೇಜಿನ ಮೇಲೆ ಹರಡಿ ಕೈಯಿಂದಲೇ ಕ್ರಮಪಡಿಸುತ್ತಿದ್ದರು. 1987ರಲ್ಲಿ ಮ್ಯಾಕಿಂಟಾಷ್‌ಗಾಗಿ ಬಿಡುಗಡೆಯಾಗಿ, ಅದೇ ವರ್ಷ ಮೈಕ್ರೋಸಾಫ್ಟ್ ಸಂಸ್ಥೆಯ ಸ್ವಾಮ್ಯಕ್ಕೆ ಬಂದ ಪವರ್‌ಪಾಯಿಂಟ್ ತಂತ್ರಾಂಶದ ‘ಸ್ಲೈಡ್ ಸಾರ್ಟರ್’ ನೋಟವು ಆ ಮೇಜನ್ನೇ ಹೋಲುತ್ತದೆ. ಇದರಲ್ಲಿ ಸ್ಲೈಡ್‌ಗಳು ಕಿರುಚಿತ್ರಗಳಾಗಿ ಕಾಣುತ್ತವೆ. ಒಂದನ್ನು ಮೌಸ್‌ನಿಂದ ಎಳೆದು ಬೇರೆಡೆ ಬಿಟ್ಟರೆ ಕ್ರಮಸಂಖ್ಯೆಗಳು ತಾವಾಗಿ ಬದಲಾಗುತ್ತವೆ. ಕಂಟ್ರೋಲ್ ಕೀಲಿಯನ್ನು ಒತ್ತಿಹಿಡಿದು ಹಲವನ್ನು ಆಯ್ದು ಒಟ್ಟಿಗೆ ಸರಿಸಲೂಬಹುದು. ಬೇಡವೆನಿಸಿದ ಸ್ಲೈಡನ್ನು ಅಳಿಸುವುದಕ್ಕಿಂತ ಮರೆಮಾಡುವುದು ಕ್ಷೇಮ. ಅದು ಪ್ರದರ್ಶನದಲ್ಲಿ ಕಾಣದಿದ್ದರೂ ಕಡತದಲ್ಲಿ ಉಳಿದಿರುತ್ತದೆ.

ರದ್ದುಗೊಳಿಸುವಿಕೆ

ವಿಂಡೋಸ್ ಆವೃತ್ತಿಯಲ್ಲಿ ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕೊನೆಯ ಬದಲಾವಣೆ ರದ್ದಾಗುತ್ತದೆ. ಕಂಟ್ರೋಲ್ ಮತ್ತು ವೈ ಅದನ್ನು ಮರಳಿ ತರುತ್ತವೆ. ಪೂರ್ವನಿಯೋಜಿತ ಮಿತಿ 20 ಹೆಜ್ಜೆಗಳು; ಆಯ್ಕೆಗಳಲ್ಲಿ ಇದನ್ನು 150ರವರೆಗೆ ಹೆಚ್ಚಿಸಬಹುದು. ಕಡತವನ್ನು ಉಳಿಸಿದ ಮೇಲೂ ಈ ಹೆಜ್ಜೆಗಳು ಲಭ್ಯವಿರುತ್ತವೆ, ಮುಚ್ಚಿದರೆ ಇಲ್ಲವಾಗುತ್ತವೆ.

ರದ್ದತಿಯು ಕೊನೆಯ ಬದಲಾವಣೆಯಿಂದ ಆರಂಭಿಸಿ ಹಿಂದಕ್ಕೇ ಸಾಗಬೇಕು, ನಡುವಿನ ಒಂದನ್ನು ಮಾತ್ರ ಆಯ್ದು ತೆಗೆಯಲಾಗದು. ಹೀಗಾಗಿ ಹತ್ತು ಹೆಜ್ಜೆ ಹಿಂದೆ ಅಳಿಸಿದ ಸ್ಲೈಡ್ ಬೇಕಾದರೆ ಅನಂತರದ ಕೆಲಸವೆಲ್ಲ ಹೋಯಿತೆಂದೇ ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಅಲ್ಲಿಯವರೆಗೆ ಹಿಂದೆ ಹೋಗಿ, ಆ ಸ್ಲೈಡನ್ನು ನಕಲಿಸಿಕೊಂಡು, ಎಲ್ಲ ಹೆಜ್ಜೆಗಳನ್ನೂ ಮರಳಿ ತಂದು, ಕೊನೆಗೆ ನಕಲನ್ನು ಅಂಟಿಸಬಹುದು. ನಕಲಿಸುವಿಕೆಯು ತಿದ್ದುಪಡಿ ಎನಿಸುವುದಿಲ್ಲ. ನಡುವೆ ಒಂದಕ್ಷರವನ್ನು ಬೆರಳಚ್ಚಿಸಿದರೂ ಮರಳಿ ತರಬೇಕಾದ ಹೆಜ್ಜೆಗಳು ಅಳಿದುಹೋಗುತ್ತವೆ.