ತಂತಿಯ ದನಿಯೋ, ತಂತಿಯ ಸುದ್ದಿಯೋ: ಗಿಟಾರ್ ಸಿಂತಸೈಸರಿನ ಅರ್ಧ ಶತಮಾನ

ಗಿಟಾರಿನ ಆರನೆಯ ತಂತಿಯನ್ನು, ಅಂದರೆ ಎಲ್ಲಕ್ಕಿಂತ ದಪ್ಪದ ತಂತಿಯನ್ನು, ಯಾವ ಫ್ರೆಟ್ಟನ್ನೂ ಒತ್ತದೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಒಂದು ಕಂಪನ ಪೂರ್ತಿಯಾಗಲು 12 ಮಿಲಿಸೆಕೆಂಡು ಹಿಡಿಯುತ್ತದೆ. ಆ ಒಂದು ಸುತ್ತು ಮುಗಿಯುವ ಮೊದಲೇ ಇದು ಇಂಥ ಸ್ವರ ಎಂದು ಗುರುತಿಸುವುದು ಯಂತ್ರಕ್ಕೆ ಬಹಳ ಕಷ್ಟ. ಖಾತ್ರಿಯಾಗಬೇಕಾದರೆ ಇನ್ನೊಂದು ಸುತ್ತನ್ನೂ ಕಾಯಬೇಕು. ಅಷ್ಟರಲ್ಲಿ 20 ಮಿಲಿಸೆಕೆಂಡು ದಾಟಿರುತ್ತದೆ, ನುಡಿಸುವವನ ಬೆರಳಿಗೆ ಆ ತಡ ಗೊತ್ತಾಗಿರುತ್ತದೆ. ಕೀಬೋರ್ಡಿಗೆ ಈ ತೊಡಕಿಲ್ಲ. ಅಲ್ಲಿ ಪ್ರತಿ ಕೀಲಿಯೂ ಒಂದು ಸ್ವಿಚ್ಚು, ಒತ್ತಿದ ಕ್ಷಣವೇ ಸ್ವರ ಯಾವುದೆಂಬುದು ತೀರ್ಮಾನವಾಗಿರುತ್ತದೆ. ಗಿಟಾರಿನಿಂದ ಸಿಂತಸೈಸರನ್ನು ನುಡಿಸುವ ಪ್ರಯತ್ನದ ಐವತ್ತು ವರ್ಷಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ಈ 12 ಮಿಲಿಸೆಕೆಂಡುಗಳೊಂದಿಗೆ ನಡೆದ ಹೋರಾಟ.

ಈ ಹೋರಾಟದಲ್ಲಿ ಎರಡು ದಾರಿಗಳು ಮೊದಲಿನಿಂದಲೂ ಇದ್ದವು. ತಂತಿ ಯಾವ ಸ್ವರದಲ್ಲಿದೆ ಎಂದು ಪತ್ತೆ ಹಚ್ಚಿ, ಆ ಸುದ್ದಿಯನ್ನು ಮಾತ್ರ ಸಿಂತಸೈಸರಿಗೆ ಕಳಿಸುವುದು ಒಂದು. ತಂತಿಯ ಅಲೆಯನ್ನೇ ಕಚ್ಚಾವಸ್ತುವಾಗಿ ತೆಗೆದುಕೊಂಡು ಅದನ್ನು ಬೇರೆ ದನಿಯಾಗಿ ತಿದ್ದುವುದು ಇನ್ನೊಂದು. ಎರಡನೆಯದೇ ಗಿಟಾರಿನ ಸ್ವಭಾವಕ್ಕೆ ಹತ್ತಿರವಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಉದ್ಯಮ ನಡುವೆ ಹತ್ತು ವರ್ಷ ಮೊದಲನೆಯದರ ಹಿಂದೆಯೇ ಓಡಿತು, ಆಮೇಲೆ ಸುತ್ತಿ ಬಳಸಿ ಎರಡನೆಯದಕ್ಕೆ ಮರಳಿತು.

ಎರಡು ದಾರಿಗೂ ಅಡಿಪಾಯ ಒಂದೇ, ಆರು ತಂತಿಗೂ ಪ್ರತ್ಯೇಕ ಕಿವಿಗಳಿರುವ ಪಿಕಪ್. ಎಲೆಕ್ಟ್ರಿಕ್ ಗಿಟಾರಿನ ಸಾಮಾನ್ಯ ಪಿಕಪ್ ಆರು ತಂತಿಗಳ ಕಂಪನವನ್ನೂ ಬೆರೆಸಿ ಒಂದೇ ಸಂಕೇತವಾಗಿ ಹೊರಗೆ ಕಳಿಸುತ್ತದೆ. ಬೆರೆತುಹೋದದ್ದರಿಂದ ಒಂದೊಂದು ಸ್ವರವನ್ನು ಬೇರ್ಪಡಿಸುವುದು 1970ರ ದಶಕದ ಎಲೆಕ್ಟ್ರಾನಿಕ್ಸಿಗೆ ಆಗದ ಮಾತಾಗಿತ್ತು. ಹೀಗಾಗಿ ಬ್ರಿಡ್ಜಿನ ಪಕ್ಕದಲ್ಲೇ ತೆಳ್ಳನೆಯ ಪಟ್ಟಿಯೊಂದನ್ನು ಇಟ್ಟು, ಅದರೊಳಗೆ ತಂತಿಗೊಂದರಂತೆ ಆರು ಪುಟ್ಟ ಪಿಕಪ್ಪುಗಳನ್ನು ಹುದುಗಿಸಿದರು. ಹೆಕ್ಸಾಫೋನಿಕ್ ಪಿಕಪ್ ಎಂದು ಕರೆಯುವುದು ಇದನ್ನೇ.

70ರ ದಶಕದ ನಡುವಿನಲ್ಲಿ ಅಮೆರಿಕದ 360 ಸಿಸ್ಟಮ್ಸ್ ಸಂಸ್ಥೆಯ ಉಪಕರಣವನ್ನು ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಬಳಸಿದರು. 1977ರಲ್ಲಿ ಎರಡು ಯಂತ್ರಗಳು ಬಂದವು. ಅಮೆರಿಕದ ಆರ್ಪ್ ಕಂಪನಿಯ ಅವತಾರ್ ಒಂದು, ಜಪಾನಿನ ರೋಲ್ಯಾಂಡ್ ಕಂಪನಿಯ ಜಿಆರ್-500 ಇನ್ನೊಂದು. ಅವತಾರ್ ಎಂದರೆ ಆರ್ಪ್‌ನ ಹೆಸರುವಾಸಿ ಒಡಿಸ್ಸಿ ಸಿಂತಸೈಸರಿನ ಕೀಬೋರ್ಡು ತೆಗೆದು ಗಿಟಾರ್ ಪಿಕಪ್ ಜೋಡಿಸಿದಂಥ ಉಪಕರಣ. ಅದಕ್ಕೆ ಸುರಿದ ಹಣ ವಾಪಸು ಬರಲಿಲ್ಲ. 1981ರಲ್ಲಿ ಕಂಪನಿ ಬಾಗಿಲು ಹಾಕಿತು, ಅದಕ್ಕೆ ಕಾರಣವಾದ ಸಂಗತಿಗಳಲ್ಲಿ ಅವತಾರ್ ಕೂಡ ಒಂದು. ರೋಲ್ಯಾಂಡ್ ಮಾತ್ರ ಪಟ್ಟು ಬಿಡಲಿಲ್ಲ.

1980ರಲ್ಲಿ ಬಂದ ರೋಲ್ಯಾಂಡ್ ಜಿಆರ್-300 ಈ ಚರಿತ್ರೆಯ ಅತ್ಯಂತ ಸುಂದರ ಯಂತ್ರ. ನೆಲದ ಮೇಲಿಟ್ಟು ಕಾಲಿನಿಂದ ನಿಯಂತ್ರಿಸುವ ನೀಲಿ ಪೆಟ್ಟಿಗೆ, ಅದರ ಜೊತೆಗೆ ಜಿ-303, ಜಿ-808 ಮುಂತಾದ ಗಿಟಾರುಗಳು, ನಡುವೆ 24 ಪಿನ್ನುಗಳ ದಪ್ಪ ಕೇಬಲ್ಲು. ಅದು ಸ್ವರವನ್ನು ಲೆಕ್ಕ ಹಾಕಿ ಹೆಸರಿಡುವ ಗೋಜಿಗೆ ಹೋಗಲಿಲ್ಲ. ಪ್ರತಿ ತಂತಿಯ ಅಲೆಯೇ ಆ ತಂತಿಗೆ ಮೀಸಲಾದ ವಿದ್ಯುತ್ ಅಲೆಯನ್ನು ತನ್ನ ಹೆಜ್ಜೆಗೆ ಸರಿಯಾಗಿ ಎಳೆದುಕೊಂಡು ಹೋಗುತ್ತಿತ್ತು. ತಂತಿಯನ್ನು ಜಗ್ಗಿದರೆ ದನಿಯೂ ಜಗ್ಗುತ್ತಿತ್ತು, ಬೆರಳು ನಡುಗಿದರೆ ದನಿಯೂ ನಡುಗುತ್ತಿತ್ತು, ತಡ ಎಂಬುದು ಅನುಭವಕ್ಕೇ ಬರುತ್ತಿರಲಿಲ್ಲ. ಪ್ಯಾಟ್ ಮೆಥೆನಿ ಅದರಲ್ಲಿ ತಮ್ಮ ಎರಡನೆಯ ಕಂಠವನ್ನು ಕಂಡುಕೊಂಡರು. 1982ರ 'ಆಫ್‌ರ‍್ಯಾಂಪ್' ಆಲ್ಬಮ್ಮಿನ 'ಆರ್ ಯು ಗೋಯಿಂಗ್ ವಿತ್ ಮಿ?' ಎಂಬ ಕೃತಿಯಲ್ಲಿ ಕೇಳುವ, ತುತ್ತೂರಿಯ ಹಾಗೆ ಮೇಲಕ್ಕೇರುವ ಆ ದನಿ ಜಿಆರ್-300ರದು. ಮೆಥೆನಿ ದಶಕಗಳಾದರೂ ಅದನ್ನು ಕೈಬಿಟ್ಟಿಲ್ಲ. ಅದೇ ಹೊತ್ತಿಗೆ ಕಿಂಗ್ ಕ್ರಿಮ್ಸನ್ ತಂಡದ ರಾಬರ್ಟ್ ಫ್ರಿಪ್ ಮತ್ತು ಏಡ್ರಿಯನ್ ಬೆಲ್ಯೂ ಕೂಡ ರೋಲ್ಯಾಂಡಿನ ಗಿಟಾರ್ ಸಿಂತಸೈಸರುಗಳನ್ನು ತಮ್ಮ ಸಂಗೀತಕ್ಕೆ ಪಳಗಿಸಿಕೊಂಡರು.

ಆಮೇಲೆ ಮಿಡಿ ಬಂತು. ಬೇರೆ ಬೇರೆ ಕಂಪನಿಗಳ ಎಲೆಕ್ಟ್ರಾನಿಕ್ ವಾದ್ಯಗಳು ಒಂದಕ್ಕೊಂದು ಮಾತಾಡಿಕೊಳ್ಳಲು 1983ರಲ್ಲಿ ರೂಪುಗೊಂಡ ಈ ಒಪ್ಪಂದ ಕೀಬೋರ್ಡಿನವರಿಗೆ ವರವಾಯಿತು. ಗಿಟಾರಿನವರಿಗೆ ಅದು ದೊಡ್ಡ ಆಸೆಯನ್ನೂ ಅಷ್ಟೇ ದೊಡ್ಡ ಸಂಕಟವನ್ನೂ ತಂದಿತು. ಯಾವ ಸ್ವರ, ಎಷ್ಟು ಬಲ, ಯಾವಾಗ ಶುರು, ಯಾವಾಗ ಕೊನೆ ಎಂಬ ಅಂಕಿಗಳನ್ನಷ್ಟೇ ಮಿಡಿ ಸಾಗಿಸುತ್ತದೆ. ಅಲೆಯನ್ನು ಮೊದಲು ಅಂಕಿಗೆ ಇಳಿಸಬೇಕು, ಅಲ್ಲಿಗೆ 12 ಮಿಲಿಸೆಕೆಂಡಿನ ಕಾಯುವಿಕೆ ಮತ್ತೆ ಎದುರಿಗೆ ನಿಂತಿತು. ಮಿಡಿ ಕೇಬಲ್ಲಿನ ವೇಗ ಸೆಕೆಂಡಿಗೆ 31,250 ಬಿಟ್‌ಗಳು. ಒಂದು ಸ್ವರದ ಸುದ್ದಿ ಸಾಗಲು ಸುಮಾರು ಒಂದು ಮಿಲಿಸೆಕೆಂಡು. ಆರು ತಂತಿಯ ಕಾರ್ಡ್ ನುಡಿಸಿದರೆ ಅದಕ್ಕೇ ಇನ್ನೂ ಆರು. 1984ರ ರೋಲ್ಯಾಂಡ್ ಜಿಆರ್-700 ಈ ಹೊಸ ಹಾದಿಯ ದೊಡ್ಡ ಹೆಜ್ಜೆ. ಅದರ ಜೊತೆಗಿನ ಜಿ-707 ಗಿಟಾರಿಗೆ ಕತ್ತಿನ ನಡುಕ ತಡೆಯಲೆಂದು ತಲೆಯಿಂದ ಒಡಲಿಗೆ ಎರಡನೆಯ ಕಂಬಿಯೊಂದನ್ನು ಕೂಡಿಸಿದ್ದರು. ನೋಡಲು ಅದ್ಭುತ. ಆದರೆ ಹಿಂದಿನ ನೀಲಿ ಪೆಟ್ಟಿಗೆಯಲ್ಲಿದ್ದ ಬೆರಳು–ದನಿಗಳ ನಂಟು ಸಡಿಲವಾಯಿತು.

ತಡವನ್ನು ತಪ್ಪಿಸಲು ಕೆಲವರು ತಂತಿಯ ಕಂಪನವನ್ನೇ ಪಕ್ಕಕ್ಕಿಟ್ಟರು. ಇಂಗ್ಲೆಂಡಿನ ಸಿಂತ್‌ಆಕ್ಸ್ ಎಂಬ ವಾದ್ಯದಲ್ಲಿ ಸ್ವರ ಗೊತ್ತಾಗುತ್ತಿದ್ದುದು ತಂತಿ ಮತ್ತು ಫ್ರೆಟ್ಟಿನ ವಿದ್ಯುತ್ ಸಂಪರ್ಕದಿಂದ, ಮೀಟುವುದಕ್ಕೆ ಬೇರೆಯದೇ ತಂತಿಗಳ ಕಟ್ಟಿತ್ತು. ಆಲನ್ ಹೋಲ್ಡ್ಸ್‌ವರ್ತ್ 1986ರ 'ಅಟವಕ್ರೋನ್' ಆಲ್ಬಮ್ಮಿನಲ್ಲಿ ಅದನ್ನು ನುಡಿಸಿದರು. ಯಾಮಹಾದ ಜಿ-10 ಶ್ರವಣಾತೀತ ಅಲೆಯನ್ನು ತಂತಿಯೊಳಗೆ ಕಳಿಸಿ, ಬೆರಳು ಯಾವ ಫ್ರೆಟ್ಟಿನಲ್ಲಿದೆ ಎಂದು ಅಳೆಯುತ್ತಿತ್ತು. ಎರಡೂ ಜಾಣ ಉಪಾಯಗಳು. ಎರಡಕ್ಕೂ ಹೆಚ್ಚು ಆಯುಷ್ಯವಿರಲಿಲ್ಲ, ಏಕೆಂದರೆ ಗಿಟಾರ್ ವಾದಕರು ತಮ್ಮ ಗಿಟಾರನ್ನೇ ನುಡಿಸಲು ಬಯಸುತ್ತಾರೆ.

ಆ ಬಯಕೆಗೆ ದಕ್ಕಿದ ಉತ್ತರ 80ರ ದಶಕದ ಉತ್ತರಾರ್ಧದಲ್ಲಿ ಬಂದ ಜಿಕೆ ಪಿಕಪ್. ಇನ್ನು ಸಿಂತಸೈಸರಿಗಾಗಿ ಬೇರೆ ಗಿಟಾರ್ ಕೊಳ್ಳಬೇಕಾಗಿಲ್ಲ, ಇರುವ ಗಿಟಾರಿಗೇ ಪಟ್ಟಿ ಅಂಟಿಸಿ, ಪಕ್ಕದಲ್ಲೊಂದು ಸಣ್ಣ ಪೆಟ್ಟಿಗೆ ಕೂರಿಸಿದರಾಯಿತು. 24 ಪಿನ್ನಿನ ಕೇಬಲ್ಲಿನ ಬದಲು 13 ಪಿನ್ನಿನದು ಬಂತು. ಆರು ತಂತಿಗಳ ಆರು ಸಂಕೇತ, ಗಿಟಾರಿನ ಮೂಲ ದನಿ, ವಾಲ್ಯೂಮ್, ಎರಡು ಸ್ವಿಚ್ಚು, ಪಿಕಪ್ಪಿಗೆ ಬೇಕಾದ ವಿದ್ಯುತ್ತು, ಎಲ್ಲವೂ ಆ ಒಂದೇ ಕೇಬಲ್ಲಿನೊಳಗೆ. ಜಿಕೆ-2ಎ, ಜಿಕೆ-3 ಎಂದು ಮುಂದುವರಿದ ಈ ಪಿಕಪ್ ಮೂವತ್ತು ವರ್ಷಕ್ಕೂ ಮೀರಿ ಇಡೀ ಕ್ಷೇತ್ರದ ಅಳತೆಗೋಲಾಗಿ ನಿಂತಿತು. ಕೆನಡಾದ ಗೋಡಿನ್ ಕಂಪನಿ 13 ಪಿನ್ನಿನ ಸಾಕೆಟ್ಟನ್ನು ಕಾರ್ಖಾನೆಯಲ್ಲೇ ಕೂರಿಸಿದ ಗಿಟಾರುಗಳನ್ನು ಮಾಡತೊಡಗಿತು.

ಅಂಟಿಸಿದರಾಯಿತು ಎಂದೆ. ಅಲ್ಲೇ ಇರುವುದು ನಿಜವಾದ ಕೆಲಸ. ಈ ವಿದ್ಯೆಯ ಬಗ್ಗೆ ದೂರುವವರಲ್ಲಿ ಬಹಳ ಮಂದಿ ದೂರಬೇಕಾದದ್ದು ದುಬಾರಿ ಪೆಟ್ಟಿಗೆಯನ್ನಲ್ಲ, ಪಿಕಪ್ ಕೂರಿಸಿದ ರೀತಿಯನ್ನು. ಪಟ್ಟಿ ಬ್ರಿಡ್ಜಿಗೆ ಸಾಧ್ಯವಾದಷ್ಟು ಹತ್ತಿರವಿರಬೇಕು. ಅಲ್ಲಿ ತಂತಿಯ ಓಲಾಟ ಕಿರಿದು, ಪಕ್ಕದ ತಂತಿಯ ಕಂಪನ ಬಂದು ಬೆರೆಯುವುದೂ ಕಡಿಮೆ. ಆರು ತಂತಿಗಳೂ ತಂತಮ್ಮ ಪುಟ್ಟ ಪಿಕಪ್ಪಿನ ನಡುಮಧ್ಯದ ಮೇಲೆಯೇ ಹಾಯಬೇಕು. ಒಂದನೆಯ ಮತ್ತು ಆರನೆಯ ತಂತಿಗಳನ್ನು ಕಟ್ಟಕಡೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದಾಗ ತಂತಿಗೂ ಪಿಕಪ್ಪಿಗೂ ನಡುವೆ ಸುಮಾರು ಒಂದು ಮಿಲಿಮೀಟರ್ ಸಂದು ಉಳಿಯಬೇಕು. ಹೆಚ್ಚಾದರೆ ಮೆಲ್ಲನೆ ಮೀಟಿದ್ದು ಯಂತ್ರಕ್ಕೆ ಕೇಳುವುದಿಲ್ಲ, ಕಡಿಮೆಯಾದರೆ ಜೋರಾಗಿ ಮೀಟಿದ ತಂತಿ ಪಟ್ಟಿಗೆ ಬಡಿಯುತ್ತದೆ. ಸ್ಟ್ರಾಟೊಕ್ಯಾಸ್ಟರ್ ಮಾದರಿಯ ಗಿಟಾರಿನಲ್ಲಿ ಬ್ರಿಡ್ಜಿಗೂ ಅದರ ಪಿಕಪ್ಪಿಗೂ ನಡುವೆ ಜಾಗ ಸಲೀಸಾಗಿ ಸಿಗುತ್ತದೆ. ಲೆಸ್ ಪಾಲ್ ಮಾದರಿಯಲ್ಲಿ ಜಾಗವೂ ಇಕ್ಕಟ್ಟು, ತಂತಿಗಳೂ ಎತ್ತರ. ಅಲ್ಲಿ ಪಟ್ಟಿಯ ಕೆಳಗೆ ಬಿಲ್ಲೆಗಳನ್ನಿಟ್ಟು ಎತ್ತರಿಸಬೇಕಾಗುತ್ತದೆ. ಮೊದಲು ಎರಡೂ ಬದಿ ಅಂಟುವ ಟೇಪಿನಲ್ಲಿ ಕೂರಿಸಿ, ಕೆಲವು ದಿನ ನುಡಿಸಿ ನೋಡಿ, ಸರಿಯಾದ ಜಾಗ ಖಾತ್ರಿಯಾದ ಮೇಲೆ ಬೇಕಿದ್ದರೆ ಸ್ಕ್ರೂ ಹಾಕುವುದು ಕ್ಷೇಮ. ಒಳ್ಳೆಯ ಗಿಟಾರಿನ ಮೈಗೆ ತೂತು ಕೊರೆಯುವ ಅವಸರ ಯಾರಿಗೂ ಬೇಡ.

ಕೂರಿಸಿದ ಮೇಲೆ ತಂತಿ ತಂತಿಗೂ ಸೂಕ್ಷ್ಮತೆ ಹೊಂದಿಸಬೇಕು. ನಿಮ್ಮ ಅತಿ ಜೋರಿನ ಮೀಟಿಗೆ ಯಂತ್ರದ ಮೀಟರ್ ತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲು ನಿಲ್ಲಬೇಕು. ಒಂದು ತಂತಿ ಮೀಟಿದಾಗ ಪಕ್ಕದ ತಂತಿಯ ಮೀಟರ್ ಅಲುಗಿದರೆ ಪಟ್ಟಿ ಓರೆಯಾಗಿದೆಯೇ ಎಂದು ನೋಡಬೇಕು. ಫ್ರೆಟ್ಟಿಗೆ ತಾಗಿ ಜಿರ್ರೆನ್ನುವ ತಂತಿ, ಹಳತಾಗಿ ಶ್ರುತಿ ನಿಲ್ಲದ ತಂತಿ, ಇವನ್ನು ಕಿವಿ ಕ್ಷಮಿಸೀತು, ಯಂತ್ರ ಕ್ಷಮಿಸುವುದಿಲ್ಲ. ಯಾರೂ ನುಡಿಸದ ಸ್ವರಗಳು ಅಲ್ಲಿಂದಲೇ ಹುಟ್ಟುತ್ತವೆ. ನೈಲಾನ್ ತಂತಿಯ ಗಿಟಾರಿಗೆ ಅಯಸ್ಕಾಂತದ ಪಿಕಪ್ ಕೆಲಸಕ್ಕೆ ಬಾರದು. ಅದಕ್ಕೆ ತಂತಿ ಕೂರುವ ಜಾಗದಲ್ಲೇ ಪಿಯೆಜೊ ಹರಳಿಡುವ ಆರ್‌ಎಂಸಿ, ಗ್ರಾಫ್ ಟೆಕ್ ಮುಂತಾದವರ ವ್ಯವಸ್ಥೆಗಳಿವೆ. ಅವು ಗಿಟಾರಿನ ಮೈಗೆ ಕೈ ತಾಗಿದ ಸದ್ದನ್ನೂ ಹಿಡಿಯುತ್ತವೆ ಎಂಬುದು ನೆನಪಿರಲಿ.

ನುಡಿಸುವ ಕೈಯೂ ಬದಲಾಗಬೇಕು. ನಿಧಾನವಾಗಿ ಅರಳುವ ಪಿಟೀಲು ಮೇಳದ, ಕೊಳಲಿನ ದನಿಗಳಲ್ಲಿ ತಡ ಕರಗಿಹೋಗುತ್ತದೆ. ಪಿಯಾನೋ, ಡ್ರಮ್ಮಿನಂಥ ಚುರುಕು ದನಿಗಳಲ್ಲಿ ಎದ್ದು ಕಾಣುತ್ತದೆ. ಮಂದ್ರದ ದನಿ ಬೇಕಾದರೆ ಒಂದು ಒಳ್ಳೆಯ ಉಪಾಯವಿದೆ. ಸಿಂತಸೈಸರಿನ ದನಿಯನ್ನು ಒಂದು ಸ್ಥಾಯಿ ಕೆಳಗಿಳಿಸಿಟ್ಟುಕೊಂಡು ತೆಳು ತಂತಿಗಳಲ್ಲಿ ನುಡಿಸುವುದು. ಒಂದನೆಯ ತಂತಿಯ ಒಂದು ಕಂಪನಕ್ಕೆ ಕೇವಲ ಮೂರು ಮಿಲಿಸೆಕೆಂಡು ಸಾಕು.

ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಇಲ್ಲಿ ಇನ್ನೊಂದು ಮಾತು ಮುಖ್ಯವಾಗುತ್ತದೆ, ಗಮಕ. ಮಿಡಿಯಲ್ಲಿ ಸ್ವರವನ್ನು ಜಾರಿಸುವ ಆಜ್ಞೆ ಒಂದು ಚಾನೆಲ್ಲಿನ ಎಲ್ಲ ಸ್ವರಗಳಿಗೂ ಒಟ್ಟಿಗೆ ತಗಲುತ್ತದೆ. ಹಾಗಾಗಿ ಗಿಟಾರಿನವರು ತಂತಿಗೊಂದು ಚಾನೆಲ್ಲಿನಂತೆ ಆರು ಚಾನೆಲ್ಲುಗಳನ್ನು ಬಳಸುತ್ತ ಬಂದರು. ಹೊಸ ಬಗೆಯ ಕೀಬೋರ್ಡುಗಳಿಗೆಂದು 2018ರಲ್ಲಿ ಮಿಡಿಗೆ ಸೇರಿದ ಎಂಪಿಇ ಎಂಬ ಪದ್ಧತಿಯ ತಿರುಳೂ ಇದೇ. ಜಾರಿಸುವ ಆಜ್ಞೆಯಲ್ಲಿ 16,384 ಮೆಟ್ಟಿಲುಗಳಿವೆ. ಮೇಲಕ್ಕೆರಡು, ಕೆಳಕ್ಕೆರಡು ಸ್ಥಾಯಿಗಳಷ್ಟು ಹರವು ಇಟ್ಟುಕೊಂಡರೂ ಒಂದು ಅರ್ಧಸ್ವರಕ್ಕೆ 341 ಮೆಟ್ಟಿಲು ಸಿಗುತ್ತವೆ. ಗಮಕದ ನಯಕ್ಕೆ ಇದು ಧಾರಾಳ. ತೊಂದರೆ ಬರುವುದು ಯಂತ್ರವನ್ನು ಕ್ರೊಮ್ಯಾಟಿಕ್ ಎಂಬ ಸ್ಥಿತಿಯಲ್ಲಿಟ್ಟಾಗ. ಆಗ ಜಾರುವ ಸ್ವರವೆಲ್ಲ ಹತ್ತಿರದ ಅರ್ಧಸ್ವರಕ್ಕೆ ಹೋಗಿ ಕೂರುತ್ತದೆ, ರಾಗದ ಜೀವ ಹೋಗುತ್ತದೆ. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತಿದ್ದ ಮೆಕ್‌ಲಾಫ್ಲಿನ್ ಅವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಚೆನ್ನೈಯಲ್ಲಿ ಧ್ವನಿಮುದ್ರಿಸಿ 2008ರಲ್ಲಿ ಹೊರತಂದ 'ಫ್ಲೋಟಿಂಗ್ ಪಾಯಿಂಟ್' ಆಲ್ಬಮ್ಮಿನಲ್ಲಿ ಅವರ ಗಿಟಾರ್ ಸಿಂತಸೈಸರ್ ಭಾರತದ ವಾದಕರ ಜೊತೆ ಸರಿಸಮನಾಗಿ ಮಾತಾಡುತ್ತದೆ. ರುದ್ರಪಟ್ಟಣದಲ್ಲಿ ಹುಟ್ಟಿದ ಕೊಳಲು ವಿದ್ವಾಂಸ ಶಶಾಂಕ್ ಸುಬ್ರಹ್ಮಣ್ಯಂ ಅದರಲ್ಲಿದ್ದಾರೆ. ಗಮಕದ ಪಾಠವಾಗಿಯೂ ಕೇಳಬಹುದಾದ ಧ್ವನಿಮುದ್ರಣ ಅದು.

90ರ ದಶಕದಲ್ಲಿ ಸುದ್ದಿಯ ದಾರಿಯೂ ಚುರುಕಾಯಿತು. ಆಕ್ಸಾನ್ ಎಂಬ ಯಂತ್ರ ಮೀಟಿದ ಕ್ಷಣದ ಆರಂಭಿಕ ಸಿಡಿತವನ್ನೇ ವಿಶ್ಲೇಷಿಸಿ ಸ್ವರ ಊಹಿಸುವಷ್ಟು ಜಾಣವಾಗಿತ್ತು. ಬ್ರಿಡ್ಜಿನ ಬಳಿ ಮೀಟಿದಿರೋ, ಕತ್ತಿನ ಬಳಿ ಮೀಟಿದಿರೋ ಎಂಬುದನ್ನೂ ಅದು ಗುರುತಿಸುತ್ತಿತ್ತು. ಆದರೆ ಆ ದಶಕದ ದೊಡ್ಡ ತಿರುವು 1995ರ ರೋಲ್ಯಾಂಡ್ ವಿಜಿ-8. ಅದೇ ಆರು ಕಿವಿಯ ಪಿಕಪ್, ಅದೇ 13 ಪಿನ್ನಿನ ಕೇಬಲ್ಲು, ಆದರೆ ಒಳಗೆ ಸ್ವರ ಹುಡುಕುವ ಕೆಲಸವಿಲ್ಲ. ಪ್ರತಿ ತಂತಿಯ ಸಂಕೇತವನ್ನು ಡಿಜಿಟಲ್ ಲೆಕ್ಕಾಚಾರದಿಂದ ತಿದ್ದಿ ಬೇರೆ ಗಿಟಾರಿನ, ಬೇರೆ ಶ್ರುತಿಯ ದನಿ ಮಾಡುವುದು. ಜೋನಿ ಮಿಚೆಲ್ ಹಾಡಿಗೊಂದು ಶ್ರುತಿಯಲ್ಲಿ ಗಿಟಾರ್ ಕೂಡಿಸಿಕೊಳ್ಳುವವರು. ವೇದಿಕೆಯ ಮೇಲೆ ಮತ್ತೆ ಮತ್ತೆ ಶ್ರುತಿ ಬದಲಿಸುವುದರಲ್ಲೇ ಬೇಸತ್ತಿದ್ದರು. ವಿಜಿ-8 ಆ ಶ್ರುತಿಗಳನ್ನೆಲ್ಲ ತನ್ನ ನೆನಪಿನಲ್ಲಿಟ್ಟುಕೊಂಡಿತು. 1998ರ 'ಟೇಮಿಂಗ್ ದ ಟೈಗರ್' ಆಲ್ಬಮ್ಮಿನ ಗಿಟಾರಿನ ಬಣ್ಣ ಅದರದೇ.

ಅಲ್ಲಿಂದ ಮುಂದೆ ಜಿಆರ್-300ರ ಆತ್ಮವೂ ಡಿಜಿಟಲ್ ರೂಪದಲ್ಲಿ ಮರಳಿತು, 2007ರ ವಿಜಿ-99ರಲ್ಲಿ, ಆಮೇಲೆ ರೋಲ್ಯಾಂಡಿನದೇ ಬಾಸ್ ಹೆಸರಿನ ಎಸ್‌ವೈ-1000ರಲ್ಲಿ. ಹಳೆಯ ನೀಲಿ ಪೆಟ್ಟಿಗೆ ಕೈಗೆಟುಕದವರಿಗೆ ಇದು ಸಣ್ಣ ಉಪಕಾರವಲ್ಲ. ಇತ್ತ ಫಿಶ್‌ಮನ್ ಕಂಪನಿಯ ಟ್ರಿಪಲ್‌ಪ್ಲೇ 2013ರಲ್ಲಿ ಬಂದು ದಪ್ಪ ಕೇಬಲ್ಲನ್ನೇ ಇಲ್ಲವಾಗಿಸಿತು. ಗಿಟಾರಿನ ಮೇಲೆಯೇ ಸ್ವರ ಪತ್ತೆ ಮಾಡಿ ಮಿಡಿಯನ್ನು ನಿಸ್ತಂತುವಾಗಿ ಕಂಪ್ಯೂಟರಿಗೆ ಕಳಿಸುತ್ತದೆ. ಮನೆಯಲ್ಲೇ ಕಂಪ್ಯೂಟರಿನಲ್ಲಿ ಸಂಗೀತ ಸಂಯೋಜಿಸುವ ಗಿಟಾರ್ ವಾದಕರಿಗೆ ನಾನು ಮೊದಲು ಹೇಳುವ ಹೆಸರು ಅದೇ. ವೇದಿಕೆಗಾದರೆ ತಂತಿಯ ಅಲೆಯನ್ನೇ ಬಳಸುವ ಪೆಟ್ಟಿಗೆ ಮೇಲು.

2023ರಲ್ಲಿ ಬಾಸ್ ಕಂಪನಿ ಜಿಕೆ-5 ಪಿಕಪ್ಪನ್ನು ತಂದು 13 ಪಿನ್ನಿನ ಯುಗಕ್ಕೆ ತೆರೆ ಎಳೆಯಲು ಹೊರಟಿದೆ. ಆರು ತಂತಿಯ ಸಂಕೇತಗಳು ಗಿಟಾರಿನಲ್ಲೇ ಡಿಜಿಟಲ್ ಆಗಿ, ಹೆಡ್‌ಫೋನಿನಂಥ ಮೂರು ಸಂಪರ್ಕದ ಪ್ಲಗ್ಗಿರುವ ತೆಳು ಕೇಬಲ್ಲಿನಲ್ಲಿ ಸಾಗುತ್ತವೆ. ಹಳೆಯ ಗಿಟಾರಿಗೆ ಹೊಸ ಪೆಟ್ಟಿಗೆ, ಹೊಸ ಗಿಟಾರಿಗೆ ಹಳೆಯ ಪೆಟ್ಟಿಗೆ ಜೋಡಿಸಲು ಪರಿವರ್ತಕಗಳನ್ನೂ ಮಾರುತ್ತಾರೆ. ಇನ್ನೊಂದು ಕಡೆ ಜ್ಯಾಮ್ ಒರಿಜಿನ್‌ನ ಮಿಡಿ ಗಿಟಾರ್ ಎಂಬ ಸಾಫ್ಟ್‌ವೇರಿಗೆ ಆರು ಕಿವಿಯ ಪಿಕಪ್ಪೇ ಬೇಕಿಲ್ಲ. ಸಾಮಾನ್ಯ ಗಿಟಾರಿನ ಬೆರೆತ ಸಂಕೇತದಿಂದಲೇ ಅದು ಕಾರ್ಡುಗಳನ್ನು ಬಿಡಿಸಿ ಹೇಳುತ್ತದೆ, 70ರ ದಶಕದಲ್ಲಿ ಆಗದು ಎಂದು ಬಿಟ್ಟಿದ್ದ ಕೆಲಸವನ್ನೇ. ಯಾವ ಸ್ವರ ಯಾವ ತಂತಿಯದು ಎಂಬ ವಿವರ ಮಾತ್ರ ಅಲ್ಲಿ ಕಳೆದುಹೋಗುತ್ತದೆ. ಒಂದು ತಂತಿಯಲ್ಲಿ ಕೊಳಲು, ಇನ್ನೊಂದರಲ್ಲಿ ಬೇಸ್ ಗಿಟಾರ್ ಎಂದು ಹಂಚಿಕೊಂಡು ನುಡಿಸುವವರು ಇವತ್ತಿಗೂ ಬ್ರಿಡ್ಜಿನ ಪಕ್ಕ ಒಂದು ಮಿಲಿಮೀಟರ್ ಸಂದು ಅಳೆದು ಪಟ್ಟಿ ಕೂರಿಸಲೇಬೇಕು.