ಸೀಮೆ ಕೊಟ್ಟು ಸಾಕಿದ ಸೈನ್ಯ

ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿಗೆ ಹೋದವರು ಸಾಮಾನ್ಯವಾಗಿ ನೋಡಿ ಬರುವುದು ಕಲ್ಯಾಣ ಚಾಲುಕ್ಯರ ಕಾಲದ ಕಲ್ಲೇಶ್ವರ ಗುಡಿಯನ್ನು. ಆದರೆ ಶಾಸನ ಓದುವವರಿಗೆ ಈ ಊರು ಗೊತ್ತಿರುವುದು ಇಲ್ಲಿ ಸಿಕ್ಕ ಪಲ್ಲವ ಶಿವಸ್ಕಂದವರ್ಮನ ತಾಮ್ರಪಟಗಳಿಂದ. ಕಂಚಿಯಿಂದ ಹೊರಟ ಈ ಪ್ರಾಕೃತ ಶಾಸನ ನಾಲ್ಕನೆಯ ಶತಮಾನದ್ದೆಂದು ವಿದ್ವಾಂಸರ ಎಣಿಕೆ. ಬ್ರಾಹ್ಮಣರಿಗೆ ಹಿಂದೆ ಬಿಟ್ಟಿದ್ದ ತೋಟದ ದತ್ತಿಯನ್ನು ಅದು ಖಾಯಂ ಮಾಡುತ್ತದೆ. ಅದರೊಳಗಿನ ಬೇಡಗಳ ಪಟ್ಟಿ ಸ್ವಾರಸ್ಯವಾಗಿದೆ. ಹಾಲು ಮೊಸರು ಕೇಳಬಾರದು, ಸರದಿಯ ಮೇಲೆ ಎತ್ತು ಹಿಡಿಯಬಾರದು, ಹುಲ್ಲು ಸೌದೆ ಒಯ್ಯಬಾರದು, ಕಾಯಿಪಲ್ಲೆ ಹೂವು ಕೀಳಬಾರದು, ಬಿಟ್ಟಿ ದುಡಿಸಬಾರದು. ಹೀಗೆ ಒಟ್ಟು 18 ಬಗೆಯ ವಿನಾಯಿತಿ. ಅಪ್ಪಣೆ ಹೋದದ್ದು ರಾಜಕುಮಾರರು, ಸೇನಾಪತಿಗಳಿಂದ ಹಿಡಿದು ಸುಂಕದವರು, ಸೈನಿಕರವರೆಗೆ. ನಡೆಯದ್ದನ್ನು ಯಾರೂ ನಿಷೇಧಿಸುವುದಿಲ್ಲ. ಊರಿಗೆ ಬಂದ ಆಳುವವರ ಮಂದಿ ಏನೇನು ಎತ್ತಿಕೊಂಡು ಹೋಗುತ್ತಿದ್ದರು ಎಂಬುದಕ್ಕೆ ಈ ಪಟ್ಟಿಯೇ ಸಾಕ್ಷಿ.

ಇದೇ ಸೀಮೆ ಸುಮಾರು ಒಂದೂವರೆ ಸಾವಿರ ವರ್ಷಗಳ ಮೇಲೆ ಮತ್ತೊಂದು ದಂಡಿನ ಖರ್ಚಿಗೆ ಹೋಯಿತು. ಈ ಸಲ ಹೋದದ್ದು ಹಾಲು ಮೊಸರಲ್ಲ, ಇಡೀ ಸೀಮೆಯೇ.

1798ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ನಿಜಾಮ ಅಲಿಖಾನ್ ತನ್ನ ಫ್ರೆಂಚ್ ಪಡೆಯನ್ನು ಬಿಟ್ಟು, ಈಸ್ಟ್ ಇಂಡಿಯಾ ಕಂಪನಿಯ 6,000 ಸಿಪಾಯಿಗಳನ್ನು ಇಟ್ಟುಕೊಳ್ಳಲು ಒಪ್ಪಿದ. ವರ್ಷಕ್ಕೆ 24,17,100 ರೂಪಾಯಿ ಕೊಡಬೇಕು. ಎರಡೇ ವರ್ಷದಲ್ಲಿ ಆ ಪಡೆ ಬೆಳೆಯಿತು. 1800ರ ಅಕ್ಟೋಬರ್ 12ರ ಒಪ್ಪಂದದಲ್ಲಿ ಎರಡು ಕಾಲ್ದಳ, ಒಂದು ಕುದುರೆ ರೆಜಿಮೆಂಟು ಹೆಚ್ಚಾಗಿ, ಎಂಟು ಕಾಲ್ದಳ ಎರಡು ಕುದುರೆ ರೆಜಿಮೆಂಟು ಶಾಶ್ವತವಾಗಿ ನಿಂತವು. ವರ್ಷವರ್ಷ ದುಡ್ಡು ಎಣಿಸುವ ಬದಲು ನಿಜಾಮ, 1792 ಮತ್ತು 1799ರಲ್ಲಿ ಟಿಪ್ಪುವಿನ ರಾಜ್ಯದಿಂದ ತನಗೆ ಬಂದ ನೆಲವನ್ನು ಕಂಪನಿಗೆ ಬಿಟ್ಟುಕೊಟ್ಟ. ಗಡಿ ನೇರವಾಗಲೆಂದು ತುಂಗಭದ್ರೆಯನ್ನೇ ಗೆರೆ ಮಾಡಿಕೊಂಡರು. ಆಚೆ ದಡದ ಕೊಪ್ಪಳ, ಗಜೇಂದ್ರಗಡ ನಿಜಾಮನಿಗೆ ಉಳಿದವು, ಬದಲಿಗೆ ಈಚೆಯ ಆದೋನಿ ಕಂಪನಿಗೆ ಬಂತು. ಹಡಗಲಿ ಸೀಮೆ ಈಚೆ ದಡದ್ದು.

ದುಡ್ಡಿನ ಕರಾರಿಗೂ ನೆಲದ ಕರಾರಿಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ದುಡ್ಡಾದರೆ ಪ್ರತಿ ಕಂತಿಗೂ ಒಂದು ತಕರಾರು ಎತ್ತಬಹುದು, ಬಾಕಿ ಉಳಿಸಬಹುದು, ಪಡೆ ಸಾಕು ಎನ್ನಬಹುದು. ನೆಲ ಕೊಟ್ಟ ಮೇಲೆ ಮತ್ತೆ ಕೇಳುವ ಪ್ರಸಂಗವೇ ಇಲ್ಲ. ನಿಜಾಮನ ಕಾವಲಿಗಿದ್ದ ಪಡೆಯ ಸಂಬಳ ಬಳ್ಳಾರಿ ಕಡೆಯ ರೈತರ ಕಂದಾಯದಿಂದ ಹೊರಡಬೇಕಾಯಿತು. ವಸೂಲಿಗೆ ಬಂದವನು ಥಾಮಸ್ ಮನ್ರೋ. ಅನಂತಪುರದಲ್ಲಿ ಕೂತು 1807ರವರೆಗೆ ಪಾಳೆಯಗಾರರನ್ನು ಅಡಗಿಸಿ, ಹೊಲ ಹೊಲ ಅಳೆಸಿ, ರೈತವಾರಿ ಪದ್ಧತಿ ತಂದ. ಅವನನ್ನು ಹೊಗಳುವವರು ಈ ಭಾಗದಲ್ಲಿ ಇನ್ನೂ ಇದ್ದಾರೆ, ಕಾರಣವೂ ಇದೆ. ಆದರೆ ಅವನು ಬಂದದ್ದು ಒಂದು ಸೈನ್ಯದ ಬಿಲ್ಲು ತೀರಿಸಲಿಕ್ಕೆ ಎಂಬುದನ್ನು ಮರೆಯುವಂತಿಲ್ಲ.

ಇದಕ್ಕೆ ಯಾವ ಸಭೆಯ ಒಪ್ಪಿಗೆಯಿತ್ತು? ಇಲ್ಲಿ ಸಭೆಯೇ ಇರಲಿಲ್ಲ. ಇದ್ದದ್ದು ಲಂಡನ್ನಿನ ಸಂಸತ್ತು. ಭಾರತದಲ್ಲಿ ರಾಜ್ಯ ವಿಸ್ತರಿಸುವ ಯೋಜನೆಗಳು ತಮ್ಮ ದೇಶದ ಇಚ್ಛೆಗೂ ಮರ್ಯಾದೆಗೂ ವಿರುದ್ಧ ಎಂದು ಅದು 1784ರ ಕಾಯಿದೆಯಲ್ಲೇ ಬರೆದಿಟ್ಟಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿ ಅದಕ್ಕೆ ಸೊಪ್ಪು ಹಾಕಲಿಲ್ಲ. ಹಡಗಿನಲ್ಲಿ ಕಾಗದ ಹೋಗಿ ಮುಟ್ಟಲು ತಿಂಗಳುಗಳೇ ಬೇಕಾಗಿದ್ದ ಕಾಲದಲ್ಲಿ ಮೊದಲು ಒಪ್ಪಂದ, ಆಮೇಲೆ ವರದಿ. 1801ರಲ್ಲಿ ಅವಧದ ನವಾಬನಿಗೂ ಇದೇ ಗತಿ: ಪಡೆ ಹೆಚ್ಚಿತು, ರಾಜ್ಯದ ಅರ್ಧದಷ್ಟು ಕಂಪನಿಗೆ ಹೋಯಿತು. ಲಖ್ನೋದಲ್ಲಿ ವ್ಯಾಪಾರ ಮಾಡಿ ಹಿಂದಿರುಗಿದ್ದ ಜೇಮ್ಸ್ ಪಾಲ್ ಕಾಮನ್ಸ್ ಸಭೆಗೆ ಆರಿಸಿಬಂದು ಇದನ್ನೇ ಹಿಡಿದು ವೆಲ್ಲೆಸ್ಲಿಯ ಮೇಲೆ ಆರೋಪ ಹೊರಿಸಿದ. ಬಳಿಕ ಅದನ್ನು ಮುಂದುವರಿಸಿದವನು ಲಾರ್ಡ್ ಫೋಕ್‌ಸ್ಟನ್. 1808ರ ಮಾರ್ಚ್‌ನಲ್ಲಿ ಸಭೆ ಖಂಡನೆಯನ್ನು ತಳ್ಳಿಹಾಕಿತು, ಅಷ್ಟಕ್ಕೇ ಬಿಡದೆ ವೆಲ್ಲೆಸ್ಲಿಯ ನಡೆಗೆ ಮೆಚ್ಚುಗೆಯನ್ನೂ ಸೂಚಿಸಿತು. ಆಕ್ಷೇಪಿಸಿದವರು ಬೆರಳೆಣಿಕೆಯ ಮಂದಿ. ಅವರು ವಾದಿಸಿದ್ದೂ ಅವಧಕ್ಕಾಗಿ, ಬಳ್ಳಾರಿಗಾಗಿ ಅಲ್ಲ.

ಬಳ್ಳಾರಿಯಲ್ಲಿ ದಂಡು ಊರಿತು. ಕಂಟೋನ್ಮೆಂಟ್ ಹೆಸರಿನ ರೈಲು ನಿಲ್ದಾಣ ಈಗಲೂ ಇದೆ.

ಶತಮಾನ ಕಳೆದು ದಿಲ್ಲಿಯಲ್ಲಿ ಶಾಸನಸಭೆ ಬಂದ ಮೇಲೂ ಸೈನ್ಯ ಅದರ ಕೈಗೆ ಸಿಗಲಿಲ್ಲ. 1919ರ ಸುಧಾರಣೆಯಲ್ಲಿ ಸೈನ್ಯದ ಖರ್ಚು ಮತಕ್ಕೆ ಹಾಕಬಾರದ ಬಾಬತ್ತಾಯಿತು. ಸದಸ್ಯರು ಮಾತಾಡಬಹುದಿತ್ತು, ಒಂದು ಕಾಸು ಕಡಿಯುವಂತಿರಲಿಲ್ಲ. ಸೈನ್ಯದ ವ್ಯವಸ್ಥೆಯನ್ನು ಪರಿಶೀಲಿಸಿದ ಎಷರ್ ಸಮಿತಿಯ ವರದಿ ಬಂದಾಗ, 1921ರಲ್ಲಿ, ಮದ್ರಾಸಿನ ಪಿ. ಎಸ್. ಶಿವಸ್ವಾಮಿ ಅಯ್ಯರ್ ನಿರ್ಣಯಗಳನ್ನು ತಂದು, ಭಾರತದ ಸೈನ್ಯ ಇರುವುದು ಭಾರತದ ರಕ್ಷಣೆಗೆ, ಸಾಮ್ರಾಜ್ಯದ ಬೇರೆ ಕೆಲಸಕ್ಕಲ್ಲ ಎಂದು ಸಭೆಯಿಂದ ಹೇಳಿಸಿದರು. 1935ರ ಕಾಯಿದೆಯೂ ರಕ್ಷಣೆಯನ್ನು ಗವರ್ನರ್ ಜನರಲ್ ಕೈಯಲ್ಲೇ ಉಳಿಸಿತು.

1939ರಲ್ಲಿ ಈ ತಕರಾರು ಸ್ಫೋಟಿಸಿತು. ತನ್ನ ಒಪ್ಪಿಗೆಯಿಲ್ಲದೆ ಪಡೆಗಳನ್ನು ಹೊರದೇಶಕ್ಕೆ ಕಳಿಸಕೂಡದೆಂದು ಕೇಂದ್ರ ಸಭೆ ಹೇಳಿದ್ದರೂ ಭಾರತೀಯ ಪಡೆಗಳು ಈಜಿಪ್ಟ್, ಸಿಂಗಪುರಗಳಿಗೆ ಹೊರಟವು. ಆಗಸ್ಟ್‌ನಲ್ಲಿ ವಾರ್ಧಾದಲ್ಲಿ ಸೇರಿದ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಕೇಂದ್ರ ಸಭೆಯ ಮುಂದಿನ ಅಧಿವೇಶನಕ್ಕೆ ಹೋಗಬೇಡಿರೆಂದು ಅಲ್ಲಿನ ತನ್ನ ಸದಸ್ಯರಿಗೆ ಹೇಳಿತು. ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಯಾರನ್ನೂ ಕೇಳದೆ ಭಾರತವನ್ನು ಯುದ್ಧಕ್ಕೆ ಇಳಿಸಿದ. ಇದನ್ನು ಪ್ರತಿಭಟಿಸಿ ಅಕ್ಟೋಬರ್ ಕೊನೆಗೆ ಮದ್ರಾಸಿನ ರಾಜಾಜಿ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದ್ದೇ, ಹಡಗಲಿಯವರ ಸರ್ಕಾರವೂ ಅದರೊಂದಿಗೆ ಹೋಯಿತು.

ಕೊನೆಯ ಬ್ರಿಟಿಷ್ ತುಕಡಿ ಮುಂಬಯಿಯ ಗೇಟ್‌ವೇಯಿಂದ ಹಡಗು ಹತ್ತಿದ್ದು 1948ರ ಫೆಬ್ರವರಿ 28ರಂದು. ಈಗ ಸೈನ್ಯದ ಖರ್ಚು ಲೋಕಸಭೆಯ ಮತಕ್ಕೆ ಬರುತ್ತದೆ, ಹಲವು ವರ್ಷ ಚರ್ಚೆಯೇ ಇಲ್ಲದೆ ಪಾಸಾಗಿಯೂ ಹೋಗಿದೆ. ಸೈನ್ಯವನ್ನು ಹೊರದೇಶಕ್ಕೆ ಕಳಿಸುವ ಮುನ್ನ ಸಂಸತ್ತಿನ ಒಪ್ಪಿಗೆ ಬೇಕೆಂದು ಸಂವಿಧಾನ ಹೇಳಿಲ್ಲ. 1987ರ ಜುಲೈನಲ್ಲಿ ಕೊಲಂಬೊ ಒಪ್ಪಂದಕ್ಕೆ ಸಹಿ ಬಿದ್ದ ಬೆನ್ನಲ್ಲೇ ಭಾರತದ ಶಾಂತಿಪಾಲನಾ ಪಡೆ ಶ್ರೀಲಂಕೆಯಲ್ಲಿ ಇಳಿಯಿತು. ಈ ಬಾರಿ ಹೊರಗಿನ ಪಡೆ ನಮ್ಮದಾಗಿತ್ತು. ಹೊರಡಿ ಎಂದು ಪಟ್ಟು ಹಿಡಿದವರು ಅಲ್ಲಿನ ಅಧ್ಯಕ್ಷ ಪ್ರೇಮದಾಸ. 1990ರ ಮಾರ್ಚ್‌ನಲ್ಲಿ ಅದು ಮರಳಿತು.