ಹತ್ತೊಂಬತ್ತನೆಯ ಪ್ರಸ್ತಾವ ಗೆಲ್ಲಬೇಕಿತ್ತೆ?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಕಾನೂನು ಮಾಡುವ ಅಧಿಕಾರವನ್ನು ಶಾಸನಸಭೆಗೆ ಮಾತ್ರ ಬಿಟ್ಟುಕೊಟ್ಟಿಲ್ಲ. ನಿಗದಿಯಾದಷ್ಟು ಮತದಾರರ ರುಜು ದೊರಕಿಸಿದವರು ತಾವು ಬರೆದ ಮಸೂದೆಯನ್ನು ನೇರವಾಗಿ ಜನರ ಮುಂದೆ ಇಡಬಹುದು. ಹೈರಮ್ ಜಾನ್ಸನ್ ಗವರ್ನರರಾಗಿದ್ದ 1911ರಲ್ಲಿ ಈ ಏರ್ಪಾಡು ಬಂದಿತು. ರೈಲ್ವೆ ಕಂಪನಿಯ ಹಿಡಿತದಲ್ಲಿದ್ದ ಶಾಸನಸಭೆಯನ್ನು ದಾಟಿ ಜನರೇ ತಮ್ಮ ಇಚ್ಛೆಯನ್ನು ನಡೆಸಿಕೊಳ್ಳಲಿ ಎಂಬುದು ಅಂದಿನ ಸುಧಾರಕರ ಆಶಯವಾಗಿತ್ತು. ಆದರೆ ಇಂಥ ಮತದಾನದಲ್ಲಿ ಒಂದು ತೊಡಕಿದೆ. ಶಾಸನಸಭೆಯಲ್ಲಿ ಮಸೂದೆಯ ಒಂದೊಂದು ಕಲಮನ್ನೂ ಚರ್ಚಿಸಿ ತಿದ್ದಬಹುದು. ಮತಗಟ್ಟೆಯಲ್ಲಿ ನಿಂತವನಿಗೆ ಉಳಿಯುವುದು ಎರಡೇ ಮಾತು: ಹೌದು, ಇಲ್ಲವೇ ಅಲ್ಲ.

ಈ ತೊಡಕು ಎದ್ದು ಕಂಡ ಪ್ರಸಂಗಗಳಲ್ಲೊಂದು 2010ರ ನವೆಂಬರ್ 2ರಂದು ನಡೆದ ಮತದಾನ. ನಮ್ಮಲ್ಲಿ ಭಂಗಿಸೊಪ್ಪು, ಗಾಂಜಾ ಎಂದು ಹೆಸರಾದ ಗಿಡವನ್ನು ವಯಸ್ಕರ ಮಟ್ಟಿಗೆ ನಿಷೇಧದಿಂದ ಬಿಡಿಸಬೇಕೆಂಬ ಹತ್ತೊಂಬತ್ತನೆಯ ಪ್ರಸ್ತಾವ ಅಂದು ಜನರ ಮುಂದಿತ್ತು. 46 ಲಕ್ಷಕ್ಕೂ ಹೆಚ್ಚು ಮಂದಿ ಹೌದೆಂದರು, 53 ಲಕ್ಷಕ್ಕೂ ಹೆಚ್ಚು ಮಂದಿ ಅಲ್ಲವೆಂದರು. ನೂರಕ್ಕೆ 46.5ಕ್ಕೆ ಎದುರಾಗಿ 53.5ರಂತೆ ಪ್ರಸ್ತಾವ ಸೋತಿತು. ಅದು ಸೋಲಬೇಕಾದುದೇ ಆಗಿತ್ತೆ ಎಂಬುದು ಇಂದು ನಾನು ವಿಚಾರಿಸಹೊರಟಿರುವ ಪ್ರಶ್ನೆ.

ಮೊದಲು ಹಿನ್ನೆಲೆಯನ್ನು ನೋಡೋಣ. ಕ್ಯಾಲಿಫೋರ್ನಿಯಾ 1913ರಲ್ಲಿಯೇ ಈ ಗಿಡವನ್ನು ನಿಷೇಧಿಸಿತ್ತು. 1937ರಲ್ಲಿ ಫೆಡರಲ್ ಸರ್ಕಾರ ತೆರಿಗೆಯ ಕಾನೂನಿನ ಮೂಲಕ ಅದನ್ನು ಹತ್ತಿಕ್ಕಿತು. 1970ರ ಶಾಸನ ಅದನ್ನು ಅತ್ಯಂತ ಅಪಾಯಕರ ದ್ರವ್ಯಗಳ ಪಟ್ಟಿಗೆ ಸೇರಿಸಿತು. 1972ರಲ್ಲಿ ಹತ್ತೊಂಬತ್ತು ಎಂಬ ಇದೇ ಸಂಖ್ಯೆಯ ಮತ್ತೊಂದು ಪ್ರಸ್ತಾವ ಬಂದು, ಮೂರರಲ್ಲಿ ಒಂದು ಪಾಲು ಮತವನ್ನಷ್ಟೇ ಪಡೆದು ಸೋತಿತ್ತು. 1976ರಿಂದ ಒಂದು ಔನ್ಸಿನೊಳಗಿನ ಗಾಂಜಾ ಇಟ್ಟುಕೊಂಡವರಿಗೆ ಸೆರೆಮನೆ ತಪ್ಪಿ, ಹೆಚ್ಚೆಂದರೆ 100 ಡಾಲರ್ ದಂಡ ಬೀಳುವಂತಾಯಿತು. 1996ರಲ್ಲಿ ವೈದ್ಯರ ಸಲಹೆಯ ಮೇರೆಗೆ ರೋಗಿಗಳು ಅದನ್ನು ಬಳಸಬಹುದೆಂಬ ಪ್ರಸ್ತಾವವನ್ನು ಜನ ಗೆಲ್ಲಿಸಿದರು.

2010ರ ಮಸೂದೆಯ ಸಾರವನ್ನು ಹೀಗೆ ಹೇಳಬಹುದು. 21 ವರ್ಷ ತುಂಬಿದವರು ಒಂದು ಔನ್ಸಿನವರೆಗೆ ಇಟ್ಟುಕೊಳ್ಳಬಹುದು. ಸ್ವಂತಕ್ಕಾಗಿ 25 ಚದರ ಅಡಿ ಜಾಗದಲ್ಲಿ ಬೆಳೆಯಬಹುದು. ಮಾರಾಟಕ್ಕೆ ಅವಕಾಶ ಕೊಡುವುದು, ಅದನ್ನು ನಿಯಂತ್ರಿಸುವುದು, ತೆರಿಗೆ ಹಾಕುವುದು ಆಯಾ ನಗರ ಮತ್ತು ಕೌಂಟಿಗಳ ಇಚ್ಛೆ. ಓಕ್ಲೆಂಡಿನಲ್ಲಿ ಗಾಂಜಾ ಕೃಷಿ ಮತ್ತು ವ್ಯವಹಾರದ ಶಿಕ್ಷಣ ಕೊಡುವ ಸಂಸ್ಥೆಯನ್ನು ಕಟ್ಟಿದ್ದ ರಿಚರ್ಡ್ ಲೀ ಇದರ ಮುಖ್ಯ ಪ್ರವರ್ತಕರು.

ಪ್ರಸ್ತಾವದ ಪರವಾಗಿ ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಬಂದದ್ದು ಬೊಕ್ಕಸದ ಮಾತು. ಆಗ ರಾಜ್ಯ ಭಾರಿ ಆಯವ್ಯಯದ ಕೊರತೆಯಲ್ಲಿ ತೊಳಲುತ್ತಿತ್ತು. ಗಾಂಜಾದ ತೆರಿಗೆಯಿಂದ ಶಾಲೆಗಳೂ ಆಸ್ಪತ್ರೆಗಳೂ ಉಳಿಯುತ್ತವೆ ಎಂಬ ವಾದಕ್ಕೆ ಕಿವಿಗೊಡುವವರು ಬಹಳ ಮಂದಿಯಿದ್ದರು. ಆದರೆ ಮಸೂದೆಯನ್ನು ಓದಿದರೆ, ರಾಜ್ಯದ ತೆರಿಗೆಯೊಂದನ್ನೂ ಅದು ವಿಧಿಸಿರಲಿಲ್ಲ. 58 ಕೌಂಟಿಗಳೂ ನೂರಾರು ನಗರಗಳೂ ತಮಗೆ ತೋಚಿದಂತೆ ನಿಯಮ ಮಾಡಿಕೊಳ್ಳಬೇಕಿತ್ತು. ನಿಷೇಧ ಸಡಿಲವಾದರೆ ತೆರಿಗೆಗೆ ಮುಂಚಿನ ಬೆಲೆ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಕುಸಿದೀತೆಂದು ರ‍್ಯಾಂಡ್ ಸಂಸ್ಥೆಯ ವಿದ್ವಾಂಸರು ಅದೇ ವರ್ಷ ಅಂದಾಜು ಮಾಡಿದ್ದರು. ಹಾಗಾದರೆ ಎಷ್ಟು ಆದಾಯ, ಯಾರಿಗೆ ಆದಾಯ ಎಂದು ಕೇಳಿದವರಿಗೆ ಖಚಿತವಾದ ಉತ್ತರವಿರಲಿಲ್ಲ.

ವಿರೋಧಿಗಳಲ್ಲಿ ಹಲವು ಬಗೆಯವರಿದ್ದರು. ಸೆನೆಟರ್ ಡಯಾನ್ ಫೈನ್‌ಸ್ಟೈನ್ ಅವರಂಥವರು ರಸ್ತೆಯ ಮೇಲಣ ಅಪಾಯವನ್ನು ಮುಂದಿಟ್ಟರು. ಕೆಲಸಕ್ಕೆ ನಿಜವಾಗಿ ಕುಂದು ತರುವ ಸೇವನೆಯನ್ನು ಮಾತ್ರ ಮಾಲೀಕರು ತಡೆಯಬಹುದೆಂಬ ಕಲಮು ವಾಣಿಜ್ಯ ಮಂಡಳಿಯವರನ್ನು ಕೆರಳಿಸಿತು. ಕಳ್ಳತನದಲ್ಲಿಯೋ ವೈದ್ಯಕೀಯ ಪರವಾನಗಿಯ ನೆರಳಿನಲ್ಲಿಯೋ ಗಾಂಜಾ ಬೆಳೆದು ಬದುಕುತ್ತಿದ್ದ ಹಂಬೋಲ್ಟ್, ಮೆಂಡೊಸಿನೊ, ಟ್ರಿನಿಟಿ ಕೌಂಟಿಗಳ ಬೆಳೆಗಾರರಲ್ಲಿ ಅನೇಕರು ಬೆಲೆ ಬಿದ್ದು ತಮ್ಮ ಬಾಳು ಮುಳುಗೀತೆಂದು ಅಂಜಿದರು. ಆ ಮೂರು ಕೌಂಟಿಗಳಲ್ಲಿಯೂ ಪ್ರಸ್ತಾವ ಸೋತಿತು. ಬೆಳೆಯುವ ನಾಡೇ ಬೇಡವೆಂದದ್ದನ್ನು ಕೆಲವರು ಗೇಲಿ ಮಾಡಿದರು. ನನಗೆ ಅದರಲ್ಲಿ ಗೇಲಿಗೆ ಎಡೆ ಕಾಣುವುದಿಲ್ಲ. ಎರಡು ಎಕರೆಯ ರೈತ ದೊಡ್ಡ ಬಂಡವಾಳಕ್ಕೆ ಹೆದರುವುದು ಲೋಕದಲ್ಲೆಲ್ಲ ಇರುವುದೇ.

ಫೆಡರಲ್ ಕಾನೂನಿನ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಮನೆಯ ಬಳಕೆಗೆ ಬೆಳೆದ ಗಿಡವೂ ಫೆಡರಲ್ ಕಾನೂನಿನ ಕೈಗೆ ಸಿಕ್ಕುತ್ತದೆಂದು ಸುಪ್ರೀಂ ಕೋರ್ಟು 2005ರಲ್ಲಿಯೇ ತೀರ್ಪಿತ್ತಿತ್ತು. ಪ್ರಸ್ತಾವ ಗೆದ್ದರೂ ತಮ್ಮ ಕಾನೂನನ್ನು ಬಿರುಸಾಗಿ ಜಾರಿಗೆ ತರುವುದಾಗಿ ಅಟಾರ್ನಿ ಜನರಲ್ ಎರಿಕ್ ಹೋಲ್ಡರ್ ಅಕ್ಟೋಬರಿನಲ್ಲಿ ಎಚ್ಚರಿಸಿದರು. ಆದರೆ 1996ರ ವೈದ್ಯಕೀಯ ಕಾನೂನು ಇದೇ ವಿರೋಧದ ನಡುವೆ ಹದಿನಾಲ್ಕು ವರ್ಷ ಬಾಳಿತ್ತೆಂಬುದನ್ನು ಮರೆಯಬಾರದು. ಬಂಧನಗಳಲ್ಲಿ ಬಹುಪಾಲನ್ನು ಮಾಡುತ್ತಿದ್ದವರು ರಾಜ್ಯದ ಮತ್ತು ಊರುಗಳ ಪೊಲೀಸರು. ಅವರು ಕೈಬಿಟ್ಟರೆ ಫೆಡರಲ್ ಸರ್ಕಾರದ ಬಳಿ ಆ ಕೆಲಸಕ್ಕೆ ಸಾಕಷ್ಟು ಕೈಗಳಿರಲಿಲ್ಲ.

ಇನ್ನುಳಿದುದು ನ್ಯಾಯದ ಮಾತು. ಕರಿಯರ ಹಕ್ಕುಗಳಿಗಾಗಿ ದುಡಿದ ಎನ್‌ಎಎಸಿಪಿ ಸಂಸ್ಥೆಯ ಕ್ಯಾಲಿಫೋರ್ನಿಯಾ ಶಾಖೆ ಅದರ ಅಧ್ಯಕ್ಷೆ ಆಲಿಸ್ ಹಫ್‌ಮನ್ ಅವರ ಮುಂದಾಳುತನದಲ್ಲಿ ಪ್ರಸ್ತಾವವನ್ನು ಬೆಂಬಲಿಸಿತು. ಸೇದುವವರು ಎಲ್ಲ ಬಣ್ಣದವರಲ್ಲಿಯೂ ಇದ್ದರೂ ಸಿಕ್ಕಿಬೀಳುವವರಲ್ಲಿ ಕರಿಯ ತರುಣರ ಪಾಲು ಅತಿಯಾಗಿತ್ತು. ದಂಡ 100 ಡಾಲರೇ ಆದರೂ ಅಪರಾಧಿ ಎಂಬ ದಾಖಲೆ ಕೆಲಸ ಕೇಳಹೋದಲ್ಲೆಲ್ಲ ಬೆನ್ನಟ್ಟುತ್ತಿತ್ತು. ಇದಕ್ಕೆ ಗವರ್ನರ್ ಷ್ವಾರ್ಟ್ಸ್‌ನೆಗರ್ ಮತದಾನಕ್ಕೆ ಒಂದು ತಿಂಗಳ ಮುಂಚೆ ಅರ್ಧ ಪರಿಹಾರ ಕೊಟ್ಟರು. ಪ್ರಸ್ತಾವವನ್ನು ವಿರೋಧಿಸುತ್ತಲೇ, ಒಂದು ಔನ್ಸಿನೊಳಗಿನ ಗಾಂಜಾವನ್ನು ರಸ್ತೆ ನಿಯಮ ಮುರಿದಷ್ಟೇ ಸಣ್ಣ ತಪ್ಪಾಗಿಸುವ ಮಸೂದೆಗೆ ಅವರು ಸಹಿ ಹಾಕಿದರು. ಅದರಿಂದ ಪ್ರಸ್ತಾವದ ನೈತಿಕ ಬಲ ಕುಗ್ಗಿತು. ಆದರೆ ಮನೆಯಲ್ಲಿ ಒಂದೆರಡು ಗಿಡ ಬೆಳೆದವನ ಗತಿ ಆ ಸಹಿಯಿಂದ ಬದಲಾಗಲಿಲ್ಲ.

ಇಲ್ಲಿ ನಮ್ಮ ದೇಶದ ಒಂದು ಹಳೆಯ ದಾಖಲೆಯನ್ನು ನೆನೆಯುವುದು ಉಚಿತ. ಬ್ರಿಟಿಷ್ ಸರ್ಕಾರ 1893ರಲ್ಲಿ ನೇಮಿಸಿದ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ನು ಸಾವಿರಕ್ಕೂ ಮಿಕ್ಕ ಸಾಕ್ಷಿಗಳನ್ನು ವಿಚಾರಿಸಿ, ಮಿತವಾದ ಸೇವನೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದರೆ ಹಾನಿಯುಂಟು, ಪೂರ್ಣ ನಿಷೇಧ ಅಗತ್ಯವಲ್ಲ ಎಂಬ ತೀರ್ಮಾನಕ್ಕೆ ಬಂತು. ಸನ್ನದು ಪಡೆದ ಬೇಸಾಯ, ಬಿಗಿಯಾದ ತೆರಿಗೆ, ಮಾರಾಟದ ಮೇಲೆ ಮಿತಿ ಇವು ಅದು ಸೂಚಿಸಿದ ಮಾರ್ಗ. ಅಲ್ಲಿ ತೆರಿಗೆ ಸೇವನೆಯನ್ನು ತಗ್ಗಿಸುವ ಸಾಧನವೂ ಆಗಿತ್ತು. ಕ್ಯಾಲಿಫೋರ್ನಿಯಾದ ಪ್ರವರ್ತಕರು ತೆರಿಗೆಯನ್ನು ಆದಾಯದ ಆಸೆಯಾಗಿ ತೋರಿಸಿದರೇ ಹೊರತು ನಿಯಂತ್ರಣದ ಚೌಕಟ್ಟನ್ನು ಕಟ್ಟಲಿಲ್ಲ. ಇದೇ ಮಸೂದೆಯ ದೊಡ್ಡ ಕೊರತೆ.

ಆದರೂ ಅದು ಗೆಲ್ಲಬೇಕಿತ್ತೆಂಬುದೇ ನನ್ನ ಅಭಿಪ್ರಾಯ. ಸಾಮಾನ್ಯವಾಗಿ ಜನ ಅಂಗೀಕರಿಸಿದ ಕಾನೂನನ್ನು ಶಾಸನಸಭೆ ಮುಟ್ಟುವಂತಿಲ್ಲ. ಈ ಮಸೂದೆಯಾದರೋ ತನ್ನ ಉದ್ದೇಶಕ್ಕೆ ಪೋಷಕವಾದ ತಿದ್ದುಪಡಿಗಳನ್ನು ಶಾಸನಸಭೆ ಮಾಡಬಹುದೆಂದು ತಾನೇ ಹೇಳಿಕೊಂಡಿತ್ತು. ಆದುದರಿಂದ ತೆರಿಗೆಯ ಗೊಂದಲವನ್ನೂ ಕಾರ್ಖಾನೆಯ ಕಲಮನ್ನೂ ಮುಂದೆ ಸರಿಪಡಿಸಲು ದಾರಿಯಿತ್ತು. ದಾಖಲೆಯ ಕಳಂಕ ಹೊತ್ತವನ ಕಳೆದುಹೋದ ವರ್ಷಗಳನ್ನು ಸರಿಪಡಿಸುವ ದಾರಿ ಯಾವ ಶಾಸನಸಭೆಗೂ ತಿಳಿಯದು. ತಿದ್ದಬಹುದಾದ ದೋಷವನ್ನೂ ತಿದ್ದಲಾಗದ ನಷ್ಟವನ್ನೂ ತೂಗಿದಾಗ ನನ್ನ ತಕ್ಕಡಿ ಹೌದೆಂಬ ಕಡೆಗೆ ವಾಲುತ್ತದೆ.

ಮುಂದಿನ ಇತಿಹಾಸ ಎರಡು ಪಕ್ಷಗಳಿಗೂ ಪಾಠ ಹೇಳಿದೆ. 2012ರಲ್ಲಿ ಕೊಲರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳ ಜನ ಇಂಥ ಕಾನೂನನ್ನು ಒಪ್ಪಿದರು. ಮರುವರ್ಷ ಫೆಡರಲ್ ಸರ್ಕಾರ ಅಡ್ಡಬರದಿರಲು ನಿರ್ಧರಿಸಿತು. 2016ರಲ್ಲಿ ಕ್ಯಾಲಿಫೋರ್ನಿಯಾ ಅರುವತ್ತನಾಲ್ಕನೆಯ ಪ್ರಸ್ತಾವವನ್ನು ನೂರಕ್ಕೆ 57ರಷ್ಟು ಮತಗಳಿಂದ ಗೆಲ್ಲಿಸಿತು. ಅದರಲ್ಲಿ ರಾಜ್ಯದ ತೆರಿಗೆಯಿತ್ತು, ಪರವಾನಗಿಯ ಕ್ರಮವಿತ್ತು. ಆದರೂ ಮೊದಲ ವರ್ಷಗಳ ಆದಾಯ ಅಂದಾಜಿಗಿಂತ ಕಡಿಮೆಯಾಯಿತು, ಕಳ್ಳ ವ್ಯಾಪಾರ ನಿಲ್ಲಲಿಲ್ಲ, ಬೆಲೆ ಬಿದ್ದು ಹಂಬೋಲ್ಟಿನ ಸಣ್ಣ ಬೆಳೆಗಾರರು ತತ್ತರಿಸಿದರು. ಅವರ ಭಯ ಸುಳ್ಳಾಗಿರಲಿಲ್ಲ. ಅದೇ ಕಾನೂನು ಹಿಂದಿನ ಶಿಕ್ಷೆಗಳನ್ನು ತಗ್ಗಿಸಿಕೊಳ್ಳಲು, ದಾಖಲೆಯನ್ನು ಅಳಿಸಿಕೊಳ್ಳಲು ಅವಕಾಶ ಕೊಟ್ಟಿತು. ಎರಡು ವರ್ಷಗಳ ಬಳಿಕ, ಅಂಥ ದಾಖಲೆಗಳನ್ನು ತಾನೇ ಹುಡುಕಿ ಪರಿಶೀಲಿಸುವ ಹೊಣೆಯನ್ನು ರಾಜ್ಯ ಹೊತ್ತುಕೊಂಡಿತು. 2010ರಲ್ಲಿ ಪ್ರವರ್ತಕರು ಎರಡನೆಯ ಸ್ಥಾನ ಕೊಟ್ಟಿದ್ದ ನ್ಯಾಯದ ವಾದವೇ ಕೊನೆಗೆ ನಿಂತಿತು. ಮೊದಲ ಸ್ಥಾನ ಕೊಟ್ಟಿದ್ದ ಹಣದ ವಾದ ಅಷ್ಟಾಗಿ ನಿಲ್ಲಲಿಲ್ಲ.